ದಂತವೈದ್ಯರ ದನಿಯಲ್ಲಿ

ಇನ್ನೂ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಿಂದ ಗಂಡಸಿನ ದನಿಯೊಂದು ಮೂಗಿನಲ್ಲೇ ಗುಡುಗುತ್ತಿದೆ: "ಹೇಳಬೇಕೆಂದರೆ, ಅಂದು ಸೂರ್ಯ ಉದಯಿಸಿದ್ದನು!" ಆ ಮನೆಯಲ್ಲಿ ಗಂಡಸರೇ ಇಲ್ಲ. ಒಲೆಯ ಮುಂದೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಹಸ್ತಪ್ರತಿಯ ಹಾಳೆ ಹಿಡಿದು ಗುಡುಗುತ್ತಿರುವವರು ಕಾಲೇಜಿಗೆ ಹೋಗುವ ಮಗಳಿರುವ ಒಬ್ಬ ತಾಯಿ. ಮುಂದೆ ಹೇಳುವುದೆಲ್ಲ ನಡೆದದ್ದೇ. ಇದನ್ನು ಬರೆಯುವಾಗ ನಾನು ಹಚ್ಚಿದ್ದ ಬಣ್ಣವನ್ನು ಅವರೇ ಕೆರೆದು ತೆಗೆದಿದ್ದಾರೆ.

ಬೇರೆಯವರ ಪುಸ್ತಕ ತಿದ್ದುವುದು, ಬರೆಯಲು ಕಲಿಸುವುದು ಇವರ ಕಸುಬು. ಶಿಷ್ಯರ ಬಾಯಲ್ಲಿ ಇವರು ಕತ್ತರಿಯಕ್ಕ. ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅದು ಬಾಗಿಲು ಹಾಕಿತು, ಕೆಂಪು ಪೆನ್ನು ಮನೆಗೆ ಬಂತು. ಈಗ ಊಟದ ಮೇಜೇ ಕಚೇರಿ. ತಿಂಗಳಿಗೆ ಎರಡು ಹಸ್ತಪ್ರತಿ ಮುಗಿದರೆ ಮನೆ ನಡೆಯುತ್ತದೆ. ಇವರ ಕೈಯಾಡಿದ ಪುಸ್ತಕಗಳಿಂದ ಒಂದು ಕಪಾಟು ತುಂಬಿದೆ. ಹೆಸರು ಎಲ್ಲೂ ಇಲ್ಲ. "ಮೊದಲ ಪುಟದಲ್ಲಿ 'ಮತ್ತು ಇತರರಿಗೆ ವಂದನೆಗಳು' ಅಂತ ಇರುತ್ತಲ್ಲ, ಆ ಇತರರು ನಾನೇ," ಎಂದು ನಗುತ್ತಾರೆ.

ಇವರು ಕೆಲಸ ಮಾಡುವ ಬಗೆಯೇ ಬೇರೆ. ಬರೆದವರನ್ನು ಕೂರಿಸಿಕೊಂಡು ಮೊದಲು ಹೊಟ್ಟೆ ತುಂಬ ಹರಟೆ. ಆಮೇಲೆ ಅವರದೇ ದನಿಯಲ್ಲಿ, ಕೆಮ್ಮು ತಡವರಿಕೆ ಸಮೇತ, ಹಸ್ತಪ್ರತಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಪಾತ್ರೆ ತೊಳೆಯುತ್ತ ಕೇಳುತ್ತಾರೆ. "ಆ ಮನುಷ್ಯನ ಬಾಯಲ್ಲಿ ಕೂರದ ಸಾಲು ಅವನದಲ್ಲ, ಎಲ್ಲಿಂದಲೋ ಎರವಲು ತಂದಿದ್ದು. ಎತ್ತಿ ಹೊರಗೆ ಹಾಕೋದೇ!"

ಕಳೆದ ತಿಂಗಳು ಈ ವಿದ್ಯೆಯೇ ಕುತ್ತಿಗೆಗೆ ಬಂತು. ನಿವೃತ್ತ ದಂತವೈದ್ಯರೊಬ್ಬರ ಆತ್ಮಕಥೆ ತಿದ್ದುತ್ತಿದ್ದರು. ಮೂಗಿನಲ್ಲಿ ಮಾತಾಡುವ, ಮುಖ ಸಡಿಲಿಸದ ಹಿರಿಯರು. ತಿದ್ದಿದ ಅಧ್ಯಾಯ ಕಳಿಸಲು ಹೋಗಿ, ಅವರನ್ನು ಅಣಕಿಸಿದ ಆ ರೆಕಾರ್ಡಿಂಗನ್ನೇ ಕಳಿಸಿಬಿಟ್ಟರು! ನಡುನಡುವೆ ಸ್ವಂತ ದನಿಯ ಒಗ್ಗರಣೆ ಬೇರೆ: "ಅಯ್ಯೋ ಪುಣ್ಯಾತ್ಮ, ಇನ್ನೆಷ್ಟು ಸಲ ಸೂರ್ಯನ್ನ ಹುಟ್ಟಿಸ್ತೀಯ? ಅವನಿಗೂ ಸುಸ್ತಾಗಲ್ವಾ?"

ಅಳಿಸಲು ನೋಡುವಷ್ಟರಲ್ಲಿ ಅವರು ಕೇಳಿ ಆಗಿತ್ತು. ಇವರಿಗೆ ಕೆಲಸ ಬರುವುದೇ ಬಾಯಿಮಾತಿನಿಂದ. ಊರವರ ಬಾಯನ್ನೆಲ್ಲ ಬಲ್ಲ ಆ ಮನುಷ್ಯ ನಾಲ್ಕು ಕಡೆ ಬಾಯಿ ಬಿಟ್ಟರೆ ಮುಗಿಯಿತು.

"ಫೋನ್ ಮಾಡಿ ಕ್ಷಮೆ ಕೇಳಮ್ಮ," ಎಂದಳು ಮಗಳು.

"ಹೇಗೆ ಕೇಳಲೇ? ಗಾಬರಿಯಲ್ಲಿ ಅವರ ದನಿಯೇ ಬಂದ್ಬಿಟ್ರೆ?"

ಎರಡು ದಿನ ಬಿಟ್ಟು ಬೆಳಿಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ದಂತವೈದ್ಯರು, ಜೊತೆಗೆ ಹೆಂಡತಿ. "ಹೇಳಬೇಕೆಂದರೆ..." ಎಂದು ಮೂಗಿನಲ್ಲೇ ಶುರು ಮಾಡಿದವರು ಅಲ್ಲೇ ತಡೆದು ನಿಂತರು.

"ಸುಮ್ನಿರಿ, ನಿಮಗಿಂತ ಇವರೇ ಚೆನ್ನಾಗಿ ಹೇಳ್ತಾರೆ," ಎಂದರು ಹೆಂಡತಿ. "ಕೇಳಿದಾಗ, ನಮ್ಮೆಜಮಾನ್ರು ಇದನ್ನ ಯಾವಾಗ ರೆಕಾರ್ಡ್ ಮಾಡಿದ್ರು ಅಂದ್ಕೊಂಡೆ ಕಣಮ್ಮಾ!"

ಕತ್ತರಿಯಕ್ಕ ಇಬ್ಬರಿಗೂ ಕುರ್ಚಿ ಎಳೆದರು. "ಸರ್, ತಪ್ಪಾಯ್ತು..."

"ಅದಿರಲಿ," ಎಂದರು ದಂತವೈದ್ಯರು. "ಆ ರೆಕಾರ್ಡಿಂಗ್ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ರಿ. ಅಪ್ಪನ ಬಗ್ಗೆ 'ನನ್ನ ವೃತ್ತಿಗೆ ಸ್ಫೂರ್ತಿ' ಅಂತ ಒಂದೇ ಸಾಲು ಯಾಕೆ, ಏನು ಮುಚ್ಚಿಡ್ತಿದ್ದೀರಿ ಅಂತ. ಮರ್ಯಾದೆ ಹೋಗುತ್ತೆ ಅಂತ ಬಿಟ್ಟಿದ್ದೆ. ಈಗ ಹೋಗೋ ಮರ್ಯಾದೆ ಹೋಯ್ತಲ್ಲ, ಬರೆದೇಬಿಟ್ಟೆ." ಚೀಲದಿಂದ ಹಾಳೆ ತೆಗೆದು ಚಾಚಿದರು. "ಇದರಲ್ಲಿ ಸೂರ್ಯ ಇಲ್ಲ. ಓದಿ. ನನ್ನ ದನಿಯಲ್ಲೇ ಆಗ್ಬೇಕು."

ಕತ್ತರಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಕನ್ನಡಕ ಏರಿಸಿ, ಮೂಗು ಬಿಗಿದು, ಗುಡುಗಿದರು: "ನನ್ನ ಮೊದಲ ರೋಗಿ ನನ್ನ ಅಪ್ಪ. ಇಕ್ಕಳ ಕಂಡದ್ದೇ ಅವರು ನನ್ನ ಬೆರಳು ಕಚ್ಚಿದರು. ನಾನು ಕಿರುಚಿದೆ. ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ಓಡಿದರು."

ಒಂದೇ ಒಂದು ಪದವನ್ನೂ ಕತ್ತರಿಸಲಿಲ್ಲ. ಮಗಳು ಮೇಜಿನ ಮೇಲೆ ಬಿದ್ದು ನಕ್ಕಳು, ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ, ತಾವೇ ಮಾಡಿಕೊಂಡಿದ್ದ ಹಲ್ಲುಸೆಟ್ಟು ಸಡಿಲಾಗಿ ಅಂಗೈಗೆ ಬರುವಷ್ಟು ನಕ್ಕವರು ಮಾತ್ರ ದಂತವೈದ್ಯರೇ.