ಪುಟದಕ್ಕ ಮೋಸಹೋದ ಬೆಳಗು

ಬೆಳಕು ಹರಿಯುತ್ತಿದೆ. ಸಂಗೀತ ಸಭಾಂಗಣದಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ವೇದಿಕೆಯಲ್ಲಿ ಪಿಯಾನೊ ಮೇಷ್ಟ್ರ ಎಡಕ್ಕೆ, ಅವರ ಮೊಣಕೈ ತಾಗದಷ್ಟು ದೂರದಲ್ಲಿ ಪುಟದಕ್ಕ ಕೂತಿದ್ದಾರೆ. ಮೇಷ್ಟ್ರ ಎರಡೂ ಕೈ ನುಡಿಸುತ್ತಿರುವಾಗ ಸ್ವರಲಿಪಿಯ ಪುಟ ತಿರುವುವುದು ಇವರ ಕೆಲಸ. ಸಾಲು ಮುಗಿಯುವ ಮೊದಲೇ ಎದ್ದು, ಪುಟದ ಮೇಲ್ತುದಿ ಹಿಡಿದು, ಸದ್ದಿಲ್ಲದೆ ಮಗುಚಬೇಕು. ಮುಂಚೆಯಾದರೂ ತಪ್ಪು, ತಡವಾದರಂತೂ ದೇವರೇ ಗತಿ.

"ಬಳೆ ಹಾಕಂಗಿಲ್ಲ, ಸೆಂಟು ಹಾಕಂಗಿಲ್ಲ, ಕೆಮ್ಮಂಗೂ ಇಲ್ಲ," ಎಂದು, ಇವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ. ಟೈಲರ್ ಆಗಿರುವ ಗಂಡ, ಪುಟಕ್ಕೆ ಸವರದಂತೆ ಇವರ ಅಂಗಿಯ ತೋಳು ಗಿಡ್ಡ ಮಾಡಿ ಹೊಲಿದುಕೊಡುತ್ತಾರೆ. "ಮನೇಲಿ ಪೇಪರ್ ಓದಿದ್ರೂ ಸದ್ದಿಲ್ಲ. ಬೆಕ್ಕಿನ ಜೊತೆ ಸಂಸಾರ ಮಾಡ್ದಂಗಾಗಿದೆ," ಎಂಬುದು ಅವರ ದೂರು.

ಮೊದಲು ಇಲ್ಲೇ ಟಿಕೆಟ್ ಕೊಡುತ್ತಿದ್ದವರು. ಮಗಳು ಪಿಯಾನೊ ಕಲಿಯುವಾಗ ಪಕ್ಕ ಕೂತು ಲಿಪಿ ಓದಲು ಕಲಿತರು. ಮಗಳು ಬಿಟ್ಟಳು, ಅಮ್ಮ ಬಿಡಲಿಲ್ಲ. ಈಗ ದಿನಕ್ಕೆ ಇನ್ನೂರು ಪುಟವಾದರೂ ಕೈ ದಾಟುತ್ತವೆ. ಆದರೆ ಕಾಲಲ್ಲಿ ಒತ್ತಿದರೆ ಪುಟ ಬದಲಾಗುವ ಟ್ಯಾಬ್ಲೆಟ್ ಬಂದುಬಿಟ್ಟಿದೆ. ಇನ್ನೊಂದು ತಪ್ಪಾದರೆ ಅದನ್ನೇ ತರಿಸುವುದಾಗಿ ಮೇಷ್ಟ್ರು ಹೇಳಿದ್ದಾರೆ. ಇವತ್ತು ಸಂಜೆಯೇ ಹೊಸ ಕೃತಿಯ ಮೊದಲ ಕಛೇರಿ, ಈಗ ನಡೆಯುತ್ತಿರುವುದು ಅದರ ಅಭ್ಯಾಸ. ಅದನ್ನು ಬರೆದ ಸಂಯೋಜಕಿ ಮುಂದಿನ ಸಾಲಿನಲ್ಲಿ ಉಗುರು ಕಚ್ಚುತ್ತ ಕೂತಿದ್ದಾರೆ.

ತಪ್ಪು ಆಗಿಯೇ ಹೋಗುತ್ತದೆ. ಸ್ವರಗಳು ಎಲ್ಲೆಲ್ಲೋ ಸುತ್ತಿ, ದಣಿದು, ಮನೆ ಬಾಗಿಲಿಗೆ ಬಂದಿವೆ. ಇನ್ನು ಆಧಾರ ಸ್ವರಕ್ಕೆ ಇಳಿದರೆ ಮುಗಿಯಿತು. ಶಾಸ್ತ್ರವೂ ಹಾಗೇ ಹೇಳುತ್ತದೆ, ಕಿವಿಯೂ ಅದನ್ನೇ ಬೇಡುತ್ತದೆ. ಪುಟದಕ್ಕ ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಸ್ವರ ಬೇರೆಲ್ಲಿಗೋ ಜಾರುತ್ತದೆ, ಇನ್ನೂ ಒಂದು ಪುಟ ಬಾಕಿಯಿದೆ.

ಮೇಷ್ಟ್ರು ಕೈ ತೆಗೆಯುತ್ತಾರೆ. "ಸಾಕು. ಟ್ಯಾಬ್ಲೆಟ್ಟೇ ತರಿಸ್ತೀನಿ."

ಸಂಯೋಜಕಿ ಓಡಿಬಂದು ವೇದಿಕೆ ಹತ್ತುತ್ತಾರೆ. "ಸ್ವಲ್ಪ ತಡೀರಿ ಮೇಷ್ಟ್ರೇ. ಅಕ್ಕಾ, ಯಾಕೆ ಮುಚ್ಚಿದ್ರಿ?"

"ಮುಗೀತು ಅನ್ನಿಸ್ತಮ್ಮ. ಓದೋದು ಬಿಟ್ಟು ಕೇಳ್ತಾ ಕೂತುಬಿಟ್ಟೆ."

"ಹಾಗೆ ಅನ್ನಿಸ್ಲಿ ಅಂತಾನೇ ತಿಂಗಳುಗಟ್ಲೆ ಒದ್ದಾಡಿದ್ದು ನಾನು. ಕೇಳೋರು ಮೋಸ ಹೋಗ್ತಾರೋ ಇಲ್ವೋ ಅಂತ ನಿದ್ದೆ ಇಲ್ಲ. ಲಿಪಿ ಕಣ್ಣೆದುರಿಗಿದ್ದೂ ನೀವೇ ಮೋಸ ಹೋದ್ರಲ್ಲಕ್ಕ!"

ನನ್ನ ಮೈ ಜುಮ್ಮೆನ್ನುತ್ತದೆ. ಬರೆದವರು, ನುಡಿಸುವವರು, ಕೇಳಿದವರು, ಮೂವರೂ ಆ ಒಂದು ಸಾಲಿನ ಮೇಲೆ ಬಗ್ಗಿ ಮಕ್ಕಳಂತೆ ವಾದಿಸುತ್ತಿದ್ದಾರೆ. ಕೊನೆಗೆ ಮೇಷ್ಟ್ರು ಗಡ್ಡ ಕೆರೆದುಕೊಂಡು, "ಅಲ್ಲಿ ನಾನಿನ್ನೂ ಸ್ವಲ್ಪ ನಿಧಾನ ಮಾಡ್ತೀನಿ. ಕೂತ್ಕೊಳಿ ಪುಟದಕ್ಕ, ಸಂಜೆಗೂ ನೀವೇ," ಎನ್ನುತ್ತಾರೆ.

ಸಂಜೆ ಮತ್ತೆ ಮೋಸಹೋದರೆ ಎಂದು ಮೆಲ್ಲಗೆ ಕೇಳುತ್ತೇನೆ.

"ನಾನಿನ್ನು ಆ ಬಲೆಗೆ ಬೀಳಲ್ಲ. ಇವತ್ತು ಬೀಳೋರು ಸಭೇಲಿ ಕೂತೋರು," ಎಂದು ಪುಟದಕ್ಕ ಕಣ್ಣರಳಿಸುತ್ತಾರೆ. "ಮುಗೀತು ಅಂತ ಚಪ್ಪಾಳೆಗೆ ಕೈ ಎತ್ತಿ, ಹಾಗೇ ನಿಂತುಬಿಡ್ತಾರಲ್ಲ, ಆ ಸದ್ದಿಲ್ಲದ ಗಳಿಗೆ ಒಂದು ಕೇಳ್ಬೇಕು. ಅಲ್ಲೀವರೆಗೂ ಪುಟ ಹಿಡ್ಕೊಂಡೇ ಇರ್ತೀನಿ."