ಹಾರುವ ಗರುಡನ ಪಟ

ನಮ್ಮಮ್ಮ ಗರುಡನನ್ನು ನೋಡದೆ ಅನ್ನ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹೆಬ್ಬಾಳದ ನಮ್ಮ ವಠಾರದ ಅಂಗಳಕ್ಕೆ ಬಂದು ಕೆರೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಮೈ ಕಾವಿ ಬಣ್ಣ, ಕತ್ತು ಬಿಳಿ. ಆ ಹಕ್ಕಿ ಒಂದು ಸುತ್ತು ಹಾಕಿದರೆ ಕೈ ಮುಗಿದು ಒಳಗೆ ಬಂದು ತಟ್ಟೆ ಹಾಕಿಕೊಳ್ಳುವಳು. ಬಾರದಿದ್ದರೆ ಸಂಜೆಯಾದರೂ ಉಪವಾಸವೇ. ನಾನು ಚಿಕ್ಕವನಿದ್ದಾಗ ಹಿಂದಿನಿಂದ ಬಂದು ನನ್ನ ಎರಡೂ ಕೈ ಹಿಡಿದು ಜೋಡಿಸಿ, ಗರುಡ ಕಣೋ, ಮುಗಿ ಎನ್ನುತ್ತಿದ್ದಳು. ಮೀಸೆ ಬಂದ ಮೇಲೆ ಕೈ ಬಿಡಿಸಿಕೊಂಡೆ. ಯಶವಂತಪುರದ ಕಾರ್ಖಾನೆಯಲ್ಲಿ ಲೇತ್ ನಡೆಸುವವನು ಹಕ್ಕಿಪಕ್ಕಿಗೆಲ್ಲ ಕೈ ಮುಗಿಯುತ್ತಾನೆಯೇ ಎಂಬ ಜಂಬ ನನಗೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೊದಲ ದಿನ ನಾನೂ ನನ್ನ ಹೆಂಡತಿಯೂ ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ಹೊತ್ತು ತಂದೆವು. ಅವಳು ಕೂಗಿದ ಕೂಗಿಗೆ ವಠಾರವೇ ಓಡಿ ಬಂತು. ಡಾಕ್ಟರು ನನಗೆ ಚೆನ್ನಾಗಿ ಬೈದು, ಇನ್ನೊಮ್ಮೆ ಅಲುಗಾಡಿಸಿದರೆ ನಿಮ್ಮ ತಾಯಿಯನ್ನು ನೀವೇ ಕೊಂದ ಹಾಗೆ ಎಂದರು. ಅವಳ ಕೋಣೆಗಿದ್ದುದು ಒಂದೇ ಕಿಟಕಿ. ತೆರೆದರೆ ಪಕ್ಕದ ಮನೆಯ ಗೋಡೆ.

ಅಮ್ಮ ಊಟ ಬಿಟ್ಟಳು. ಹಾಲು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಎರಡು ಗುಟುಕು ಹಾಲು ಕುಡಿಯುತ್ತಿದ್ದಳು, ಅಷ್ಟೆ. ನಿನ್ನ ಪರವಾಗಿ ನಾನೇ ನೋಡಿ ಬಂದೆ ಎಂದೆ. ನೋಡಿದರೆ ಆಯಿತೇ, ಕೈ ಮುಗಿದೆಯಾ ಎಂದು ಕೇಳಿದಳು. ಮುಗಿದೆ ಎಂದೆ. ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಗೋಡೆಯ ಕಡೆ ತಿರುಗಿದಳು. "ನನ್ನ ಬಾಯಿ ಮುಚ್ಸೋಕೆ ಮುಗಿದದ್ದು ನನಗ್ಯಾಕೋ?" ಎಂದಳು. ಗೋಡೆಯ ಕ್ಯಾಲೆಂಡರಿನ ಗರುಡನನ್ನು ತೋರಿಸಿದೆ. ಅವನು ಕೂತಿದ್ದಾನೆ, ಹಾರುವುದಿಲ್ಲ ಎಂದಳು. ನನಗೆ ರೇಗಿಹೋಯಿತು. ಹಾಗಾದರೆ ಹಾರುವ ಗರುಡನದೇ ಪಟ ತೆಗೆದು ತರುತ್ತೇನೆ, ಆಗಲಾದರೂ ತಿನ್ನುತ್ತೀಯಾ ಎಂದು ಕಿರುಚಿದೆ.

"ಕತ್ತು ಬೆಳ್ಳಗೆ ಕಾಣ್ಬೇಕು. ತಂದ್ರೆ ತಿಂತೀನಿ."

ಜೊತೆಯಲ್ಲಿ ಕೆಲಸ ಮಾಡುವವನೊಬ್ಬನ ಹತ್ತಿರ ಕ್ಯಾಮೆರಾ ಇತ್ತು. ಕಾಡಿ ಬೇಡಿ ತಂದೆ. ಎರಡು ಕಣ್ಣಿನ ಪೆಟ್ಟಿಗೆ ಅದು. ಕೊರಳಿಗೆ ನೇತುಹಾಕಿಕೊಂಡು ಮೇಲಿನಿಂದ ಗಾಜಿನೊಳಗೆ ಬಗ್ಗಿ ನೋಡಬೇಕು. ಆ ಗಾಜಿನಲ್ಲಿ ಎಲ್ಲವೂ ತಿರುವುಮುರುವು. ಹಕ್ಕಿ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತದೆ. ಅದರ ಹಿಂದೆಯೇ ಕ್ಯಾಮೆರಾ ತಿರುಗಿಸಿದಷ್ಟೂ ತಪ್ಪಿಸಿಕೊಳ್ಳುತ್ತದೆ. ಮಧ್ಯಾಹ್ನದ ಪಾಳಿ ಇದ್ದುದರಿಂದ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ತಲೆ ತಗ್ಗಿಸಿಕೊಂಡು ಬುಗುರಿಯಂತೆ ತಿರುಗಿದೆ. ಮೊದಲ ರೋಲನ್ನು ಸ್ಟುಡಿಯೋದಲ್ಲಿ ತೊಳೆಸಿದರೆ ಬರೀ ಆಕಾಶ. ಒಂದರ ಮೂಲೆಯಲ್ಲಿ ಬಾಲದ ತುದಿ ಇತ್ತು. ಸ್ಟುಡಿಯೋದವನು ಇದೇನು ಸಾರ್, ಮೋಡದ ಪಟವೇ ಎಂದು ಕೇಳಿದ. ಅವನ ತಲೆಯ ಮೇಲೆ ಮೊಟಕಬೇಕೆನಿಸಿತು.

ಎರಡನೆಯ ರೋಲಿನಲ್ಲಿ ಒಂದು ಹಕ್ಕಿ ಪೂರ್ತಿ ಸಿಕ್ಕಿತು, ರೆಕ್ಕೆಯ ತುದಿಯಿಂದ ತುದಿಯವರೆಗೆ. ಕುಣಿಯುತ್ತಾ ಮನೆಗೆ ತಂದೆ. ಆಕಾಶದ ಬೆಳಕಿಗೆ ಹಕ್ಕಿಯ ಮೈಯೆಲ್ಲ ಇದ್ದಿಲಿನಂತೆ ಕಪ್ಪಾಗಿದ್ದುದು ನನಗೆ ಹೊಳೆದೇ ಇರಲಿಲ್ಲ. ಅಮ್ಮ ಪಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹಾಸಿಗೆಯ ಮೇಲೆ ಇಟ್ಟಳು. "ಇದು ಹದ್ದು ಕಣೋ" ಎಂದಳು.

ಆಗ ಅವಳ ಮಣಿಕಟ್ಟು ನೋಡಿದೆ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಹೋಗಲಿ ಬಿಡಮ್ಮ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ತುತ್ತು ತಿನ್ನು ಎಂದು ಅತ್ತೆ. ಅವಳು ನನ್ನ ತಲೆ ಸವರಿದಳು. ಬಾಯಿ ಮಾತ್ರ ತೆರೆಯಲಿಲ್ಲ.

ಕತ್ತು ಬೆಳ್ಳಗೆ ಬರಬೇಕಾದರೆ ಹಕ್ಕಿ ಕೆಳಗಿಳಿಯಬೇಕು, ಬಿಸಿಲು ನನ್ನ ಬೆನ್ನಿಗಿರಬೇಕು, ಅದರ ಹಿಂದೆ ಆಕಾಶದ ಬದಲು ಏರಿಯ ಪಕ್ಕದ ತೋಪಿನ ಕಪ್ಪು ಇರಬೇಕು. ಆದರೆ ಕರೆದಾಗ ಬರಲು ಅದೇನು ನಮ್ಮ ಮನೆಯ ಕೋಳಿಯೇ? ಏರಿಯ ಆ ತುದಿಯಲ್ಲಿ ಹೆಂಗಸೊಬ್ಬಳು ಮೀನು ಹಸನು ಮಾಡುತ್ತಿದ್ದಳು. ಅವಳು ಕರುಳು ಎಸೆದಾಗಲೆಲ್ಲ ಹಕ್ಕಿಗಳು ಎರಗುತ್ತಿದ್ದವು. ನಮ್ಮ ಮನೆಯಲ್ಲಿ ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿದ್ದಿಲ್ಲ. ಆದರೂ ಹೋಗಿ ಒಂದು ಬೊಗಸೆ ಕರುಳು ಕೇಳಿದೆ. ಬೆಕ್ಕು ಸಾಕಿದ್ದೀರಾ ಸ್ವಾಮಿ ಎಂದು ನಗುತ್ತಾ ಎಲೆಯಲ್ಲಿ ಕಟ್ಟಿ ಕೊಟ್ಟಳು. ದೇವರ ವಾಹನಕ್ಕೆ ನನ್ನ ನೈವೇದ್ಯ ಅದು.

ಎಸೆದೆ. ಹದ್ದುಗಳು ಬಂದವು, ಕಾಗೆಗಳು ಬಂದವು. ಗಾಬರಿಯಲ್ಲಿ ಅವಕ್ಕೇ ಒತ್ತಿ ಒತ್ತಿ ರೋಲು ಖಾಲಿ ಮಾಡುತ್ತಾ ಬಂದೆ. ಕೊನೆಯ ಪಟವೊಂದು ಉಳಿದಾಗ ಒತ್ತುವುದನ್ನು ನಿಲ್ಲಿಸಿ, ಇದ್ದ ಕರುಳನ್ನೆಲ್ಲ ಎಸೆದು ಕಾದೆ. ಇನ್ನೊಂದು ರೋಲಿಗಾಗಿ ಕಾಯುವಷ್ಟು ತ್ರಾಣ ಅಮ್ಮನಲ್ಲಿ ಉಳಿದಿರಲಿಲ್ಲ.

ಬಂತು. ತೋಪಿನ ಕಪ್ಪಿನಿಂದ ನೇರವಾಗಿ ನನ್ನ ಕಡೆಗೇ ಬಂತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಗಾಜಿನ ನಟ್ಟನಡುವೆ ದೊಡ್ಡದಾಗುತ್ತಾ ಹೋಯಿತು. ಕತ್ತು, ಎದೆ, ಬೆಳ್ಳಗೆ ಬೆಳ್ಳಗೆ. ಅದರ ಕಣ್ಣು ಕೂಡ ಕಂಡಿತು. ನಾನು ತಲೆಯೆತ್ತಿದೆ. ನೆತ್ತಿಯ ಮೇಲೆ ಗಾಳಿ ಬೀಸಿ ಹೋಯಿತು. ಆಮೇಲೆ ನೋಡಿಕೊಂಡರೆ ಕ್ಯಾಮೆರಾ ಹೊಟ್ಟೆಯ ಮೇಲೆ ತೂಗಾಡುತ್ತಿತ್ತು. ನನ್ನ ಎರಡೂ ಕೈ ಎದೆಯ ಮುಂದೆ ಜೋಡಿಸಿಕೊಂಡಿದ್ದವು.

ಅಯ್ಯೋ ನನ್ನ ಕರ್ಮವೇ ಎಂದು ಅಲ್ಲೇ ಕುಸಿದು ಕುಳಿತೆ. ಹಕ್ಕಿ ಮತ್ತೆ ಬರಲಿಲ್ಲ. ನಾನು ಪಾಳಿಗೂ ಹೋಗಲಿಲ್ಲ. ಮನೆಗೆ ಬಂದು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಕರುಳು ಎಸೆದದ್ದನ್ನೂ ಬಿಡದೆ ನಡೆದದ್ದನ್ನೆಲ್ಲ ಹೇಳಿದೆ.

"ನಾನು ಮುಗೀಲಿಲ್ಲಮ್ಮ, ಕೈಯೇ ಮುಗಿದ್ಬಿಡ್ತು. ಪಟ ಹೋಯ್ತು."

ಅಮ್ಮ ನನ್ನ ಮುಖ ನೋಡಿದಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಕೈ ಚಾಚಿ ನನ್ನ ಎರಡೂ ಕೈಗಳನ್ನು ಎಳೆದುಕೊಂಡು, ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಕಣ್ಣಿಗೆ ಒತ್ತಿಕೊಂಡಳು. ಮೀನಿನ ನಾತಕ್ಕೆ ಮೂಗು ಸಿಂಡರಿಸಿದಳು. ಆದರೂ ಬಿಡಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಅನ್ನ ಕಲಸು ಎಂದಳು.

ಹೆಂಡತಿ ಅಳುತ್ತಲೇ ತಿಳಿಸಾರು ಬಿಸಿ ಮಾಡಿದಳು. ನಾನೇ ತಿನ್ನಿಸಿದೆ. ಎರಡು ತುತ್ತು ಇಳಿಯಿತು. ಮೂರನೆಯದು ಗಂಟಲಿಗೆ ಹೋಗದೆ ಕೆನ್ನೆಯಲ್ಲೇ ನಿಂತಿತು. ನಾನು ಅವಳ ಸೆರಗಿನಿಂದಲೇ ಬಾಯಿ ಒರೆಸುತ್ತಿದ್ದಾಗ ಅಮ್ಮ ಮೂಲೆಯಲ್ಲಿದ್ದ ಕ್ಯಾಮೆರಾದ ಕಡೆ ನೋಡಿದಳು.

"ನಾಳೆ ಅದನ್ನ ತಗೊಂಡು ಹೋಗ್ಬೇಡ. ಕೈ ಖಾಲಿ ಇರ್ಲಿ."