ಮಗುವಿನ ಹಾಗೆ ಹಿಡಿದದ್ದು

ನನಗೆ ಬರುವ ವಿದ್ಯೆ ಒಂದೇ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೇ ಸಲ ಅದು ನನ್ನ ಬಾಯಿಂದಲೇ ಬರುತ್ತದೆ. ಕುವೈತಿನ ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ಭಾಷಣಕ್ಕೂ ಊಟಕ್ಕೂ ನಡುವೆ ನನಗೆ ಹತ್ತು ನಿಮಿಷ ಕೊಡುತ್ತಾರೆ. ಊಟದ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಇಪ್ಪತ್ತು. ಕಂಪನಿಯ ಮ್ಯಾನೇಜರ್, ಹವಲ್ಲಿಯಲ್ಲಿ ನಾವಿರುವ ಕಟ್ಟಡದ ಕಾವಲುಗಾರ, ಮೈಕು ಸಿಕ್ಕಿದರೆ ಬಿಡದ ಅಧ್ಯಕ್ಷರು, ದಿನಾ ತಡವಾಗಿ ಬಂದು ದಿನಾ ಹೊಸ ನೆಪ ಹೇಳುವ ನಾನೂ ಸೇರಿ, ಯಾರನ್ನೂ ಬಿಡುವುದಿಲ್ಲ. ಆದರೆ ಜನ ಒನ್ಸ್ ಮೋರ್ ಅನ್ನುವುದು ಮಮ್ಮಿಯ ಐಟಂಗೆ.

ಮಮ್ಮಿ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಅವಳಿಗೆ ಡ್ಯೂಟಿ. ನಾನು ಹುಟ್ಟಿದ್ದು ಕುವೈತಿನಲ್ಲೇ. ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದರು, ಅಂದರೆ ಎಲ್ಲೂ ಇರಲಿಲ್ಲ. ನನಗೆ ನಾಲ್ಕು ತಿಂಗಳಾದಾಗ ಮಮ್ಮಿಯ ರಜೆ ಮುಗಿಯಿತು. ಮಂಗಳೂರಿಗೆ ಹೋಗಿ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು, ನಾನು ನಿದ್ದೆಯಲ್ಲಿದ್ದಾಗ ವಿಮಾನಕ್ಕೆ ಹೊರಟಳಂತೆ. ಇದನ್ನು ದೊಡ್ಡ ಕತೆ ಮಾಡಬೇಕಾಗಿಲ್ಲ. ಅವಳ ವಾರ್ಡಿನ ನಮ್ಮ ಕಡೆಯ ನರ್ಸ್‌ಗಳಲ್ಲಿ ಮುಕ್ಕಾಲು ಪಾಲು ಮಂದಿ ಹೀಗೆಯೇ ಮಾಡಿದವರು. ಆಮೇಲೆ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದಳು. ಉಳಿದ ಇಪ್ಪತ್ತಮೂರು ತಿಂಗಳು ಮಮ್ಮಿ ಎಂದರೆ ಶುಕ್ರವಾರದ ಒಂದು ದನಿ.

ಐಟಂ ಅದೇ. ಕಿವಿಗೆ ಫೋನ್ ಹಿಡಿದ ಹಾಗೆ ಮಾಡಿ, ಮೂಗಿನಲ್ಲಿ ಸ್ವಲ್ಪ ನಮ್ಮ ಕೊಂಕಣಿ ರಾಗ ಎಳೆದು ಹೇಳುತ್ತೇನೆ: "ಪುತಾ, ಊಟ ಆಯ್ತಾ? ಅಜ್ಜಿಗೆ ಉಪದ್ರ ಕೊಡ್ಬೇಡ ಆಯ್ತಾ? ಓದ್ತಾ ಇದ್ದಿ ಅಲ್ವಾ? ಆಯ್ತು ಆಯ್ತು, ಕಾರ್ಡ್ ಮುಗೀತಾ ಬಂತು, ಫೋನ್ ಅಜ್ಜಿಗೆ ಕೊಡು."

ಸಭೆ ಬಿದ್ದು ಬಿದ್ದು ನಗುತ್ತದೆ. ಆ ಕಾಲದ ಫೋನ್ ಕಾರ್ಡು ಗೊತ್ತಿರುವ ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಾರೆ. ಮೂರನೇ ಸಾಲಿನಲ್ಲಿ ಕೂತ ಮಮ್ಮಿಯೂ ನಗುತ್ತಾಳೆ. ಕಾರ್ಡು ಪ್ರತಿ ಸಲ ನಿಜವಾಗಿಯೂ ಮುಗಿಯುತ್ತಿತ್ತಾ ಎಂದು ನಾನು ಯಾವತ್ತೂ ಕೇಳಿಲ್ಲ.

ಎರಡು ವರ್ಷದ ಹಿಂದೆ ನನಗೂ ಇಲ್ಲಿ ಕೆಲಸ ಸಿಕ್ಕಿತು. ಮನೆಗಳಿಗೆ ಸಿಸಿಟಿವಿ ಕೂರಿಸುವುದು. ಹೀಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಅಮ್ಮನ ಜೊತೆ ಒಂದೇ ಮನೆಯಲ್ಲಿರುವ ಯೋಗ. ಇಬ್ಬರೂ ಬಹಳ ಮರ್ಯಾದೆಯಿಂದ ಇದ್ದೆವು. ಬಾತ್‌ರೂಮಿಗೆ ಹೋಗುವ ಮೊದಲು 'ನೀನು ಹೋಗ್ತೀಯಾ?' ಎಂದು ಕೇಳಿಕೊಳ್ಳುವಷ್ಟು.

ನಾಯಿಮರಿ ಬಂದದ್ದು ಒಂದು ಗುರುವಾರ. ಫಿಂಟಾಸಿನ ಒಂದು ದೊಡ್ಡ ಮನೆಗೆ ಕ್ಯಾಮೆರಾ ಹಾಕಲು ಹೋಗಿದ್ದೆ. ಆ ಮನೆಯ ಮಕ್ಕಳು ಫೋನಿನಲ್ಲಿ ಚಿತ್ರ ನೋಡಿ ಎರಡು ಮರಿ ತರಿಸಿದ್ದರಂತೆ. ಒಂದು ಹಿಂದಿನ ದಿನ ಸತ್ತಿತ್ತು. ಇನ್ನೊಂದು ಅಡುಗೆಮನೆಯ ಹಿಂದೆ ಬಟ್ಟೆಬುಟ್ಟಿಯಲ್ಲಿ ಒಂದೇ ಸಮನೆ ಕುಂಯ್‌ಗುಡುತ್ತಿತ್ತು. ನಾನು ಏಣಿ ಮೇಲಿಂದಲೇ ಅದರ ಕುಂಯ್‌ಗೆ ಉತ್ತರ ಕೊಟ್ಟೆ. ಅದು ಸುಮ್ಮನಾಯಿತು. ಮನೆಯೊಡತಿ ನನ್ನನ್ನೇ ನೋಡಿ, "ಯಲ್ಲಾ, ನೀನೇ ತಗೊಂಡು ಹೋಗು, ಖಲಾಸ್" ಅಂದುಬಿಟ್ಟಳು. ಬಾಯಿ ಸುಮ್ಮನಿರದಿದ್ದರೆ ಹೀಗೆಯೇ ಆಗುವುದು. ಕ್ಯಾಮೆರಾದ ಖಾಲಿ ಡಬ್ಬದಲ್ಲಿ ಹಾಕಿಕೊಂಡು ಬಂದೆ. ಅಂಗೈಯಷ್ಟು ದೊಡ್ಡದು, ಕಂದು ಬಣ್ಣ, ಈಗಷ್ಟೇ ಬಿಟ್ಟ ನೀಲಿ ಮಬ್ಬು ಕಣ್ಣು. ಹಲ್ಲು ಒಂದೂ ಬಂದಿರಲಿಲ್ಲ.

ಮಮ್ಮಿ ಡಬ್ಬದೊಳಗೆ ಬಗ್ಗಿ ನೋಡಿದಳು. ವಾರ್ಡಿನಲ್ಲಿ ಹಾಗೆಯೇ ನೋಡುತ್ತಾಳೆಂದು ಕಾಣುತ್ತದೆ, ಮೊದಲು ಹೊಟ್ಟೆ ಏರಿಳಿಯುವುದನ್ನು, ಆಮೇಲೆ ಮುಖವನ್ನು. ಇದಕ್ಕೆ ಇನ್ನೂ ತಾಯಿ ಬೇಕಿತ್ತು ಅಂದಳು. ಹನ್ನೆರಡು ಗಂಟೆ ಡ್ಯೂಟಿಯಲ್ಲೂ ಇದೇ, ಮನೆಯಲ್ಲೂ ಇದೇ ಮಾಡಲಾರೆ, ನೀನು ತಂದದ್ದು ನೀನೇ ನೋಡಿಕೊ ಅಂದಳು. ಅಂದವಳೇ ಕಪಾಟಿನಿಂದ ಸೂಜಿ ಇಲ್ಲದ ಒಂದು ಸಿರಿಂಜು ತೆಗೆದು ಮೇಜಿನ ಮೇಲಿಟ್ಟಳು.

ಶುಕ್ರವಾರ, ಶನಿವಾರ ನನಗೆ ರಜೆ. ಪೆಟ್ ಶಾಪಿನಿಂದ ಮರಿಗಳ ಹಾಲಿನ ಪುಡಿ ತಂದು ಮೂರು ಗಂಟೆಗೊಮ್ಮೆ ಕುಡಿಸಿದೆ. ನನಗೆ ಸೋಮಾರಿತನ. ನೆಲಕ್ಕೆ ಟವೆಲ್ ಹಾಸಿ ಮರಿಯನ್ನು ಬೋರಲು ಬಿಟ್ಟು, ಅದರೆದುರು ನಾನೂ ಬೋರಲು ಬಿದ್ದುಕೊಂಡು, ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಮೊಬೈಲು. ಕುಡಿದಾದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಅದರ ಹಿಂಭಾಗ ಒರೆಸಬೇಕು. ಇಲ್ಲದಿದ್ದರೆ ಅಷ್ಟು ಸಣ್ಣದಕ್ಕೆ ಉಚ್ಚೆ ಕೂಡ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸವಂತೆ. ನೆಕ್ಕುವುದನ್ನು ಮಿಮಿಕ್ರಿ ಮಾಡಲಿಲ್ಲ, ಅಷ್ಟು ಮಾನ ಇನ್ನೂ ಉಳಿದಿತ್ತು. ಆದರೆ ತಾಯಿನಾಯಿ ಮರಿಗಳನ್ನು ಕರೆಯುವ ದನಿಯನ್ನು ವಿಡಿಯೋ ನೋಡಿ ಕಲಿತೆ. ಗಂಟಲಿನ ತಳದಿಂದ ಬರುವ ಒಂದು ಮೆತ್ತನೆಯ 'ಹ್ಞೂಂ'. ಮೊದಲ ಸಲ ಮಾಡಿದಾಗಲೇ ಮರಿ ತಲೆ ಎತ್ತಿ, ತಡವರಿಸುತ್ತ ನನ್ನ ಕೆನ್ನೆಯವರೆಗೆ ಬಂದು, ಕಿವಿಯ ತುದಿಯನ್ನು ಚೀಪಿತು. ದನಿ ಕೇಳಿಯೇ ಅಮ್ಮ ಎಂದು ನಂಬುವವರ ಕಷ್ಟ ನನಗೆ ಗೊತ್ತು. ಆದರೂ ಮೋಸ ಮಾಡಿದೆ.

ಭಾನುವಾರ ಬೆಳಿಗ್ಗೆ ನನಗೆ ಕೆಲಸ. ಮಮ್ಮಿ ನೈಟ್ ಡ್ಯೂಟಿ ಮುಗಿಸಿ ಬಂದು ಬೂಟಿನ ಲೇಸು ಬಿಚ್ಚುತ್ತಿದ್ದಳು. ಹಗಲಿಡೀ ಮನೆಯಲ್ಲಿರುವವಳು ಅವಳೊಬ್ಬಳೇ. ಅವಳ ಹೆಡ್ ನರ್ಸಿನ ದನಿಯಲ್ಲಿ ಶುರು ಮಾಡಿದೆ: ಸಿಸ್ಟರ್, ಕುವೈತಿನ ಅರ್ಧ ಮಕ್ಕಳಿಗೆ ಹಾಲು ಕುಡಿಸಿದ್ದೀರಿ, ಇನ್ನೊಂದಕ್ಕೆ ಎಂತ ಕಷ್ಟ? ಅವಳು ನಗಲಿಲ್ಲ. ನಿದ್ದೆ ಮಾಡಬೇಕು ಪುತಾ ಅಂದಳು. ಅಲ್ಲಿಗೆ ಬಿಡಬಹುದಿತ್ತು. ನಾನು ನನ್ನದೇ ದನಿಯಲ್ಲಿ ಹೇಳಿದೆ:

"ಅಥವಾ ಇದನ್ನೂ ಊರಿಗೆ ಕಳಿಸಿಬಿಡುವಾ, ಅಜ್ಜಿ ಹತ್ರ?"

ಅಜ್ಜಿ ತೀರಿಹೋಗಿ ಮೂರು ವರ್ಷವಾಗಿತ್ತು. ಮಮ್ಮಿ ಲೇಸಿನ ಮೇಲಿಂದ ಕೈ ತೆಗೆದಳು. ಒಂದು ಕಾಲಿನಲ್ಲಿ ಬೂಟು, ಇನ್ನೊಂದು ಬರಿಗಾಲು, ಹಾಗೆಯೇ ಎದ್ದು ಹೋಗಿ ಡಬ್ಬ ಎತ್ತಿಕೊಂಡಳು. ನಾನು ಗೆದ್ದವನ ಹಾಗೆ ಲಿಫ್ಟಿನಲ್ಲಿ ಶಿಳ್ಳೆ ಹಾಕುತ್ತ ಇಳಿದೆ.

ಸಂಜೆ ನಾಲ್ಕಕ್ಕೆ ಬೀಗ ತೆಗೆದು ಒಳಬಂದಾಗ ಅವಳಿಗೆ ಕೇಳಿಸಲಿಲ್ಲ. ಸೋಫಾದಲ್ಲಿ ಕೂತಿದ್ದಳು, ಕೂದಲು ಬಿಚ್ಚಿಕೊಂಡು. ಮರಿಯನ್ನು ಒಂದು ಹಳೆಯ ಮೆತ್ತನೆ ಬಟ್ಟೆಯಲ್ಲಿ, ಹುಟ್ಟಿದ ಮಗುವನ್ನು ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಮೊಣಕೈಯ ಮಡಿಕೆಯಲ್ಲಿ ಅಂಗಾತ ಮಲಗಿಸಿಕೊಂಡಿದ್ದಳು. ಕಂದು ಮುಖವಷ್ಟೇ ಹೊರಗೆ. ತಲೆ ಸ್ವಲ್ಪ ಮೇಲೆ, ಸಿರಿಂಜು ತುಟಿಯ ಮೂಲೆಗೆ, ಒಂದೊಂದೇ ಹನಿ. ಅವಳು ಏನೋ ಹೇಳುತ್ತಿದ್ದಳು. ಕೊಂಕಣಿಯಲ್ಲಿ, ಫೋನಿನಲ್ಲಿ ನಾನು ಕೇಳಿಯೇ ಇಲ್ಲದ ಒಂದು ದನಿಯಲ್ಲಿ. ಊಟ ಆಯ್ತಾ, ಓದ್ತಿದ್ದೀಯಾ ಯಾವುದೂ ಇಲ್ಲ. ಎಲ್ಲರ ದನಿ ಕದ್ದವನು ನಾನು. ಆ ದನಿಯನ್ನು ಮಾತ್ರ ಇವತ್ತಿಗೂ ಮಾಡಲು ಬರುವುದಿಲ್ಲ.

ಬಾಗಿಲಲ್ಲೇ ನಿಂತಿದ್ದೆ. ಇಪ್ಪತ್ತೈದು ವರ್ಷದ ಗಂಡಸು ಒಂದು ನಾಯಿಮರಿಯ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ಯಾರಾದರೂ ನೋಡಿದ್ದರೆ ಅವರೇ ಸ್ಟೇಜ್ ಮೇಲೆ ಹತ್ತು ನಿಮಿಷದ ಐಟಂ ಮಾಡುತ್ತಿದ್ದರು. ಕೆಮ್ಮಿದೆ. ಅವಳು ತಟ್ಟನೆ ಮುಖ ಗಂಟಿಕ್ಕಿ, ನೀನು ಸರಿಯಾಗಿ ಕುಡಿಸುವುದೇ ಇಲ್ಲ, ನೆಲದಲ್ಲಿ ಬಿಸಾಡಿ ಕುಡಿಸುತ್ತಿ ಎಂದು ಬೈದಳು. ಬೈಸಿಕೊಂಡೆ. ಖುಷಿಯಾಯಿತು.

ಸೋಮವಾರವೂ ಹಾಗೆಯೇ ಕುಡಿಸಿದಳು. ಮಂಗಳವಾರ ಮರಿಯ ಮೂಗಿನಿಂದ ಹಾಲು ಬಂತು. ಬುಧವಾರ ಬೆಳಿಗ್ಗೆ ಉಸಿರಿನ ಜೊತೆ ಸಣ್ಣ ಗೊರಗೊರ. ಮಮ್ಮಿ ಅದರ ಎದೆಗೆ ಕಿವಿ ಇಟ್ಟು ಕೇಳಿ, ಬೇಗ ಕರಕೊಂಡು ಹೋಗು ಅಂದಳು. ನಾನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದೆ. ದಾರಿಯಿಡೀ 'ಹ್ಞೂಂ' ಮಾಡಿದೆ. ಅದು ತಲೆ ಎತ್ತಲಿಲ್ಲ.

ಪ್ರಾಣಿಗಳ ಡಾಕ್ಟರು ಈಜಿಪ್ಟಿನವರು, ಬಾಯಿಗೆ 'ಪ' ಬಾರದವರು. "ಬಬ್ಬಿ ವೆರಿ ಸ್ಮಾಲ್, ಹಬೀಬಿ" ಎಂದು ಶುರು ಮಾಡಿದಾಗಲೇ ನನ್ನ ಹಾಳು ತಲೆ ಆ ದನಿಯನ್ನು ಮುಂದಿನ ಪ್ರೋಗ್ರಾಮಿಗೆ ಎತ್ತಿಟ್ಟುಕೊಂಡಿತು. ಎದೆ ಪರೀಕ್ಷಿಸಿದರು. ಸಣ್ಣ ಲೋಟದಂಥದ್ದನ್ನು ಮೂತಿಗೆ ಹಿಡಿದು ಆಮ್ಲಜನಕ ಕೊಟ್ಟರು. ಆಮೇಲೆ, ಇದನ್ನು ಮಗುವಿನ ಹಾಗೆ ಅಂಗಾತ ಹಿಡಿದು ಹಾಲು ಕುಡಿಸಿದವರು ಯಾರು ಎಂದು ಕೇಳಿದರು. ನಾಯಿಮರಿ ಯಾವಾಗಲೂ ಬೋರಲು ಮಲಗಿಯೇ ಕುಡಿಯಬೇಕಂತೆ, ತಾಯಿಯ ಹೊಟ್ಟೆಗೆ ಮುಖ ಒತ್ತಿ ಕುಡಿಯುವ ಹಾಗೆ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದಂತೆ.

"ನಾನೇ," ಅಂದೆ.

ಏನೂ ಗೊತ್ತಿಲ್ಲದ ನಾನು ಸೋಮಾರಿತನದಿಂದ ಸರಿಯಾಗಿ ಕುಡಿಸಿದ್ದೆ. ಎಲ್ಲ ಗೊತ್ತಿದ್ದ ಅವಳು ಅಕ್ಕರೆಯಿಂದ ತಪ್ಪು ಕುಡಿಸಿದ್ದಳು. ಆ ಅಕ್ಕರೆಯನ್ನು ಚುಚ್ಚಿ ಎಬ್ಬಿಸಿದವನೂ ನಾನೇ ಆದ್ದರಿಂದ ಡಾಕ್ಟರಿಗೆ ಹೇಳಿದ್ದು ಪೂರಾ ಸುಳ್ಳಲ್ಲ. ಮರಿ ಮಧ್ಯಾಹ್ನದೊಳಗೆ ಅಲ್ಲೇ ಸತ್ತಿತು. ಉಳಿದದ್ದನ್ನು ತಾವು ನೋಡಿಕೊಳ್ಳುತ್ತೇವೆ ಅಂದರು. ಖಾಲಿ ಡಬ್ಬ ಹಿಡಿದು ಬಂದೆ.

ಮನೆಗೆ ಬರುವಷ್ಟರಲ್ಲಿ ಡಾಕ್ಟರ ದನಿ ಪಕ್ಕಾ ಆಗಿತ್ತು. 'ಹೂ ಗೇವ್ ಮಿಲ್ಕ್ ಲೈಕ್ ಬೇಬಿ?' ಈ ಒಂದು ಸಾಲು ಸಾಕಿತ್ತು. ಶುಕ್ರವಾರದ ಫೋನುಗಳ ಲೆಕ್ಕವನ್ನೆಲ್ಲ ತೀರಿಸುವ ಒಂದು ಸಾಲು.

ಮಮ್ಮಿ ಡ್ಯೂಟಿಗೆ ಹೊರಡಲು ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಮೊದಲು ಡಬ್ಬ ನೋಡಿದಳು, ಆಮೇಲೆ ನನ್ನನ್ನು. ಡಾಕ್ಟರು ಎಂತ ಹೇಳಿದರು ಎಂದು ಕೇಳಿದಳು.

ಇವಳಿಗೆ ಗೊತ್ತಾಗಬಾರದು ಅನ್ನಿಸಿತು. ಇವತ್ತು ರಾತ್ರಿ ವಾರ್ಡಿಗೆ ಹೋಗಿ ಅದೇ ಕೈಯಲ್ಲಿ ಇನ್ನೊಂದು ಮಗುವನ್ನು ಎತ್ತಬೇಕಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ, ಯಾರ ದನಿಯೂ ಇಲ್ಲದೆ:

"ತಾಯಿಯಿಂದ ತುಂಬ ಬೇಗ ಬಿಡಿಸಿದ್ದಾರೆ ಅಂದ್ರು. ಅಂಥದ್ದು ಬದುಕುವುದಿಲ್ಲವಂತೆ."

ಹೇಳಿದ ಮೇಲೆಯೇ ನನಗೂ ಅದು ಕೇಳಿಸಿದ್ದು. ಬಚಾವು ಮಾಡಲೆಂದೇ ಹೇಳಿದೆನಾ, ಅಥವಾ ಒಳಗಿದ್ದದ್ದು ಒಳ್ಳೆಯತನದ ಅಂಗಿ ಹಾಕಿಕೊಂಡು ಹೊರಗೆ ಬಂತಾ, ಎಷ್ಟು ತಿರುಗಿಸಿ ನೋಡಿದರೂ ತಿಳಿಯುವುದಿಲ್ಲ.

ಮಮ್ಮಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸ್ವಿಚ್ಚು ಆರಿಸಿದಳು. ಕಾಲರನ್ನು ಬೆರಳಿನಿಂದ ಸವರಿ ಸರಿಮಾಡಿದಳು.

"ನೀನು ಬದುಕಿದ್ದಿ ಅಲ್ವಾ," ಅಂದಳು.

ಸಿಟ್ಟಿರಲಿಲ್ಲ. ಪ್ರಶ್ನೆಯೋ ಅಲ್ಲವೋ ಅದೂ ಗೊತ್ತಾಗಲಿಲ್ಲ. ನಾನು ಖಾಲಿ ಡಬ್ಬವನ್ನು ಮಡಿಸತೊಡಗಿದೆ. ಅವಳು ಬಟ್ಟೆ ಬದಲಿಸಿ ಆಸ್ಪತ್ರೆಯ ಬಸ್ಸಿಗೆ ಇಳಿದು ಹೋದಳು. ಅಡುಗೆಮನೆಯಲ್ಲಿ ಸಿರಿಂಜನ್ನು ತೊಳೆದು, ಬಿಡಿಸಿ, ಎರಡು ತುಂಡನ್ನೂ ಟಿಶ್ಯೂ ಪೇಪರಿನ ಮೇಲೆ ಒಣಗಲು ಇಟ್ಟಿದ್ದಳು. ಮುಂದಿನ ಊಟಕ್ಕೆ ಬೇಕಾಗುತ್ತದೆಂದು ಬೆಳಿಗ್ಗೆಯೇ ಇಟ್ಟದ್ದು.

ಅಂಗಾತ ಹಿಡಿದ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಆದರೆ ನಾನು ಬರೆದದ್ದನ್ನು ಅವಳು ಅರ್ಧ ಪುಟಕ್ಕಿಂತ ಹೆಚ್ಚು ಓದಿದ್ದಿಲ್ಲ, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಕಾರ್ಯಕ್ರಮವಿತ್ತು. ಫೋನ್ ಐಟಂ ಮಾಡಬೇಡ ಎಂದು ಅವಳು ಹೇಳಲಿಲ್ಲ. ನಾನೂ ಬಿಡಲಿಲ್ಲ. ಜನ ಮೊದಲಿನ ಹಾಗೆಯೇ ನಕ್ಕರು. ಓದ್ತಾ ಇದ್ದಿ ಅಲ್ವಾ ಎಂಬಲ್ಲಿಗೆ ಬಂದಿದ್ದೆ, ಕಾರ್ಡಿನ ಮಾತು ಇನ್ನೂ ಬಾಕಿ ಇತ್ತು, ಅಷ್ಟರಲ್ಲಿ ಮೂರನೇ ಸಾಲಿನಿಂದ ಮಮ್ಮಿ ಒಬ್ಬಳೇ ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು. ಉಳಿದವರೂ ಮುಗಿಯಿತೆಂದುಕೊಂಡು ತಟ್ಟಿದರು. ನಾನು ಬಗ್ಗಿ ನಮಸ್ಕಾರ ಮಾಡಿ ಇಳಿದೆ.